ಯಾವ ಮರದ ಬುಡಕ್ಕೆ ಹೋಗೋಣ?

ಮಕ್ಕಳೇ, ಭೂಪಟ ಬಿಡಿಸಿ ಯುರೋಪಿನ ನೆತ್ತಿಯ ಮೇಲೆ ಬೆರಳಿಡಿ. ಅಲ್ಲಿ ನಾರ್ವೆ, ಸ್ವೀಡನ್, ಫಿನ್ಲೆಂಡ್ ಎಂಬ ಮೂರು ದೇಶಗಳು ಒಂದರ ಪಕ್ಕ ಒಂದು ಇವೆ. ಮೂರರಲ್ಲಿ ಪೂರ್ವಕ್ಕಿರುವ ಫಿನ್ಲೆಂಡಿಗೆ ಇವತ್ತು ಹೋಗಿಬರೋಣ. ನಮ್ಮ ಕರ್ನಾಟಕದ ಸುಮಾರು ಒಂದೂಮುಕ್ಕಾಲು ಪಟ್ಟು ದೊಡ್ಡ ದೇಶ ಅದು. ಜನ ಮಾತ್ರ ಅರವತ್ತು ಲಕ್ಷವೂ ಇಲ್ಲ. ಹಾಗಾದರೆ ಅಷ್ಟು ಜಾಗದಲ್ಲಿ ಇರುವುದೇನು? ಕಾಡು! ನೆಲವನ್ನು ನಾಲ್ಕು ಪಾಲು ಮಾಡಿದರೆ ಹೆಚ್ಚುಕಡಿಮೆ ಮೂರು ಪಾಲು ಕಾಡೇ.

ಆ ಕಾಡು ನಮ್ಮ ಮಲೆನಾಡಿನ ಕಾಡಿನಂತಲ್ಲ. ನಮ್ಮಲ್ಲಿ ಒಂದು ಗುಡ್ಡ ಹತ್ತಿ ಇಳಿಯುವಷ್ಟರಲ್ಲಿ ಹತ್ತಾರು ಜಾತಿಯ ಮರ ಕಾಣುತ್ತವೆ. ಅಲ್ಲಿ ಮುಖ್ಯವಾಗಿ ಮೂರೇ ಬಗೆ: ಪೈನ್, ಸ್ಪ್ರೂಸ್, ಬರ್ಚ್. ಪೈನ್ ಮರಕ್ಕೆ ಎಲೆಯ ಬದಲು ಹಸಿರು ಸೂಜಿಗಳಿರುತ್ತವೆ. ಅದರ ಕಾಂಡದ ಮೇಲ್ಭಾಗ ಕಿತ್ತಳೆ ಬಣ್ಣ, ಸಂಜೆ ಬಿಸಿಲು ಬಿದ್ದರೆ ಹೊಳೆಯುತ್ತದೆ. ಸ್ಪ್ರೂಸ್ ಮರವೂ ಸೂಜಿಯದೇ. ಆದರೆ ಕಡುಹಸಿರು, ಕೊಂಬೆಗಳು ಕೆಳಗಿನವರೆಗೂ ಇಳಿಬಿದ್ದಿರುತ್ತವೆ. ಬರ್ಚ್ ಮರದ ತೊಗಟೆ ಬೆಳ್ಳಗಿರುತ್ತದೆ, ಚಳಿಗಾಲ ಬಂತೆಂದರೆ ಎಲೆಯನ್ನೆಲ್ಲ ಉದುರಿಸಿಬಿಡುತ್ತದೆ. ಈ ಕಾಡಿನ ಅರ್ಧಕ್ಕಿಂತ ಹೆಚ್ಚು ಭಾಗ ಸಾಮಾನ್ಯ ಮನೆತನಗಳ ಸ್ವಂತ ಆಸ್ತಿ. ನಮ್ಮಲ್ಲಿ ಅಜ್ಜನಿಂದ ಅಪ್ಪನಿಗೆ ಗದ್ದೆ ಬರುವ ಹಾಗೆ ಅಲ್ಲಿ ಕಾಡು ಬರುತ್ತದೆ.

ಈಗ ನನ್ನದೊಂದು ಪ್ರಶ್ನೆ. ಆ ಇಡೀ ಕಾಡಿನಲ್ಲಿ ಎಷ್ಟು ಮರಮುಟ್ಟು ಇದೆ? ಇದು ಸುಮ್ಮನೆ ಕುತೂಹಲದ ಪ್ರಶ್ನೆ ಅಲ್ಲ. ಒಂದು ವರ್ಷದಲ್ಲಿ ಕಾಡು ಎಷ್ಟು ಬೆಳೆಯಿತು ಎಂದು ತಿಳಿಯದೆ ಕಡಿಯುತ್ತ ಹೋದರೆ ಮೊಮ್ಮಕ್ಕಳಿಗೆ ಏನೂ ಉಳಿಯುವುದಿಲ್ಲ. ಮರಗಳು ಗಾಳಿಯಿಂದ ಎಷ್ಟು ಇಂಗಾಲವನ್ನು ಹೀರಿ ಇಟ್ಟುಕೊಂಡಿವೆ, ಹಳೆಯ ಮರಗಳ ಪೊಟರೆ ಬೇಕೆನ್ನುವ ಹಕ್ಕಿಗಳಿಗೆ ಎಲ್ಲಿ ಜಾಗ ಉಳಿದಿದೆ ಎನ್ನುವುದಕ್ಕೂ ಇದೇ ಲೆಕ್ಕ ಬೇಕು.

‘ಎಲ್ಲ ಮರಗಳನ್ನೂ ಅಳೆದರಾಯಿತು’ ಅಂದಿರಾ? ಬನ್ನಿ, ಲೆಕ್ಕ ಹಾಕೋಣ. ಫಿನ್ಲೆಂಡಿನ ಕಾಡು ಎರಡು ಕೋಟಿ ಹೆಕ್ಟೇರಿಗೂ ಹೆಚ್ಚು. ಅದನ್ನು 16 ಮೀಟರ್ ಉದ್ದ, 16 ಮೀಟರ್ ಅಗಲದ ಚೌಕಗಳಾಗಿ ಗೆರೆ ಎಳೆದು ಹಂಚಿಕೊಳ್ಳಿ. ಒಂದು ಹೆಕ್ಟೇರಿಗೆ 39 ಚೌಕ, ಒಟ್ಟು 78 ಕೋಟಿ ಚೌಕ. ಒಂದು ಚೌಕದ ಮರಗಳನ್ನು ಅಳೆಯಲು ಒಂದು ಗಂಟೆ, ದಿನಕ್ಕೆ ಎಂಟು ಚೌಕ ಎಂದಿಟ್ಟುಕೊಳ್ಳಿ. ಸಾವಿರ ತಂಡಗಳು ಒಂದು ಭಾನುವಾರವೂ ರಜೆ ಹಾಕದೆ ದುಡಿದರೂ 260 ವರ್ಷಕ್ಕಿಂತ ಹೆಚ್ಚು ಬೇಕು. ಅಷ್ಟರಲ್ಲಿ ಮೊದಲು ಅಳೆದ ಗಿಡಗಳು ಹೆಮ್ಮರಗಳಾಗಿರುತ್ತವೆ!

ಹಾಗಾಗಿ ಎಲ್ಲವನ್ನೂ ಅಳೆಯುವ ಆಸೆ ಬಿಡಬೇಕು. ಕೆಲವನ್ನು ಮಾತ್ರ ಅಳೆದು, ಅದರಿಂದ ಎಲ್ಲದರ ಲೆಕ್ಕ ತಿಳಿಯಬೇಕು. ಹೀಗೆ ಆರಿಸಿಕೊಂಡ ಕೆಲವಕ್ಕೆ ‘ಮಾದರಿ’ ಎನ್ನುತ್ತಾರೆ. ಆದರೆ ಯಾವ ಕೆಲವು? ನಾನು ನಿಮಗೆ ಹೇಳಹೊರಟಿರುವ ಕಥೆಯೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ಇದೆ.

ನೂರು ವರ್ಷಗಳ ಹಿಂದೆಯೇ ಆ ಮೂರೂ ದೇಶದವರು ಇದಕ್ಕೊಂದು ದಾರಿ ಹುಡುಕಿದ್ದರು. ದೇಶದ ಕಾಡನ್ನೆಲ್ಲ ಹೀಗೆ ಮಾದರಿಯ ಮೂಲಕ ಅಳೆಯುವ ಕೆಲಸವನ್ನು 1919ರಲ್ಲಿ ನಾರ್ವೆ ಶುರುಮಾಡಿತು. ಎರಡು ವರ್ಷಕ್ಕೆ ಫಿನ್ಲೆಂಡ್, ಅದಾದ ಎರಡು ವರ್ಷಕ್ಕೆ ಸ್ವೀಡನ್ ಕೈಹಾಕಿದವು. ಫಿನ್ಲೆಂಡಿನಲ್ಲಿ ಈ ಕೆಲಸದ ಮುಂದಾಳು ಉರ್‍ಯೊ ಇಲ್ವೆಸ್ಸಾಲೊ ಎಂಬ ಅರಣ್ಯ ವಿಜ್ಞಾನಿ. ಅವರು ದೇಶದ ನಕ್ಷೆಯ ಮೇಲೆ 26 ಕಿಲೋಮೀಟರಿಗೊಂದರಂತೆ ನೇರ ಗೆರೆಗಳನ್ನು ಎಳೆದರು. ತಂಡದವರು ಆ ಗೆರೆಯ ಮೇಲೆಯೇ ನಡೆಯುತ್ತ, ನಡುನಡುವೆ ನಿಂತು ಮರಗಳನ್ನು ಅಳೆಯುತ್ತ ಹೋದರು. 1921ರಿಂದ 1924ರವರೆಗೆ ಈ ನಡಿಗೆ ನಡೆಯಿತು.

ಆ ಗೆರೆಗಳನ್ನು ಎಳೆದ ಬಗೆ ನನಗೆ ಬಲು ಇಷ್ಟ. ಅವು ನೆಟ್ಟಗೆ ಉತ್ತರ-ದಕ್ಷಿಣವಾಗಿ ಇರಲಿಲ್ಲ. ನೈಋತ್ಯದಿಂದ ಈಶಾನ್ಯಕ್ಕೆ ಓರೆಯಾಗಿದ್ದವು. ಯಾಕಿರಬಹುದು, ಊಹಿಸಿ. ಬಹಳ ಹಿಂದೆ ಫಿನ್ಲೆಂಡನ್ನು ದಪ್ಪನೆಯ ಹಿಮದ ಹಾಸು ಮುಚ್ಚಿತ್ತು. ಆ ಹಿಮ ಹೆಚ್ಚಾಗಿ ವಾಯವ್ಯದಿಂದ ಆಗ್ನೇಯಕ್ಕೆ ಜಾರುತ್ತ ನೆಲವನ್ನು ಕೆರೆದಿತ್ತು. ಅದರಿಂದ ಅಲ್ಲಿನ ಬಹಳಷ್ಟು ದಿಬ್ಬಗಳೂ ಸರೋವರಗಳೂ ಅದೇ ದಿಕ್ಕಿಗೆ ಉದ್ದುದ್ದ ಮಲಗಿವೆ. ಗೆರೆಯೂ ಅದೇ ದಿಕ್ಕಿಗಿದ್ದರೆ ತಂಡದವರು ದಿಬ್ಬದ ಮೇಲೆ ಹತ್ತಿದವರು ದಿಬ್ಬದ ಮೇಲೆಯೇ ನಡೆದು, ಒಂದೇ ಬಗೆಯ ಕಾಡನ್ನೇ ಮತ್ತೆ ಮತ್ತೆ ನೋಡುತ್ತಿದ್ದರು. ಅಡ್ಡಲಾಗಿ ನಡೆದರೆ ದಿಬ್ಬ, ಇಳಿಜಾರು, ಜೌಗು, ನೀರಿನ ಅಂಚು ಎಲ್ಲವೂ ಸಿಗುತ್ತವೆ. ಅಂದರೆ ಮಾದರಿಯಲ್ಲಿ ಎಲ್ಲ ಬಗೆಯದೂ ಬರಬೇಕು ಎಂಬ ತಿಳಿವಳಿಕೆ ಆಗಲೇ ಇತ್ತು.

ಇದನ್ನು ಸರಿಯಾಗಿ ಮನಸ್ಸಿಗೆ ತಂದುಕೊಳ್ಳಲು ನಿಮ್ಮ ಶಾಲೆಗೇ ಹೋಗೋಣ. ಶಾಲೆಯಲ್ಲಿ 210 ಮಕ್ಕಳಿದ್ದೀರಿ ಎನ್ನಿ. ಎಲ್ಲರ ತೂಕ ಸೇರಿ ಒಟ್ಟು ಎಷ್ಟಾಗುತ್ತದೆ ಎಂದು ಹೆಡ್ ಮೇಷ್ಟ್ರಿಗೆ ತಿಳಿಯಬೇಕು. ತೂಕದ ಯಂತ್ರ ಇರುವುದು ಒಂದೇ, ಬೆಲ್ ಹೊಡೆಯುವುದರೊಳಗೆ ಹತ್ತು ಮಕ್ಕಳನ್ನಷ್ಟೇ ತೂಗಬಹುದು. ಕಣ್ಣುಮುಚ್ಚಿ ಹತ್ತು ಚೀಟಿ ಎತ್ತಿದರೆ ಏನಾಗಬಹುದು? ಅದೃಷ್ಟ ಸರಿಯಿಲ್ಲದಿದ್ದರೆ ಹತ್ತರಲ್ಲಿ ಎಂಟು ಮಂದಿ ಒಂದನೇ ಕ್ಲಾಸಿನ ಪುಟಾಣಿಗಳೇ ಬಂದುಬಿಡಬಹುದು. ಆಗ ಶಾಲೆಯ ತೂಕ ಇರುವುದಕ್ಕಿಂತ ತೀರಾ ಕಡಿಮೆ ಕಾಣುತ್ತದೆ.

ಹೆಡ್ ಮೇಷ್ಟ್ರು ಚೀಟಿ ಎತ್ತುವ ಮೊದಲು ಮಹಡಿ ಹತ್ತುತ್ತಾರೆ ಎನ್ನಿ. ಕೆಳಗೆ ನೀವೆಲ್ಲ ಪ್ರಾರ್ಥನೆಗೆ ಸಾಲಾಗಿ ನಿಂತಿದ್ದೀರಿ. ಮೇಲಿನಿಂದ ಯಾರ ತೂಕವೂ ತಿಳಿಯುವುದಿಲ್ಲ. ಆದರೆ ಯಾರು ಗಿಡ್ಡ, ಯಾರು ಎತ್ತರ ಎಂದು ಎಲ್ಲರದೂ ಒಟ್ಟಿಗೇ ಕಾಣುತ್ತದೆ. ಗಿಡ್ಡ ಮಕ್ಕಳು 60, ನಡು ಎತ್ತರದವರು 120, ಎತ್ತರದವರು 30. ಈಗ ಅವರು ಇಳಿದು ಬಂದು ಒಂದೊಂದು ಗುಂಪಿಗೂ ಬೇರೆ ಬೇರೆ ಚೀಟಿ ಎತ್ತುತ್ತಾರೆ. ಗಿಡ್ಡವರಲ್ಲಿ ಮೂವರು, ನಡುವಿನವರಲ್ಲಿ ನಾಲ್ವರು, ಎತ್ತರದವರಲ್ಲಿ ಮೂವರು. ಹತ್ತೇ ಮಕ್ಕಳು, ಯಂತ್ರವೂ ಅದೇ. ಆದರೂ ಉತ್ತರ ನಿಜಕ್ಕೆ ಎಷ್ಟೋ ಹತ್ತಿರ ಬರುತ್ತದೆ. ಎಲ್ಲರ ಎತ್ತರ ಮೇಲಿನಿಂದ, ಕೆಲವರ ತೂಕ ಕೆಳಗಿನಿಂದ. ಈ ಜೋಡಿಯನ್ನು ಚೆನ್ನಾಗಿ ನೆನಪಿಡಿ. ನಾವೀಗ ಕಾಡಿಗೆ ವಾಪಸು ಹೋಗುತ್ತೇವೆ.

ಕಾಡಿನಲ್ಲಿ ಆ ಮಹಡಿಯ ಕೆಲಸ ಮಾಡುವುದು ಒಂದು ಪುಟ್ಟ ವಿಮಾನ. ನೆಲದಿಂದ ಒಂದೂವರೆ ಎರಡು ಕಿಲೋಮೀಟರ್ ಎತ್ತರದಲ್ಲಿ ಅದು ಹೊಲ ಉಳುವವರ ಹಾಗೆ ಒಂದು ಸಾಲು ಮುಗಿಸಿ, ತಿರುಗಿ, ಪಕ್ಕದ ಸಾಲು ಹಿಡಿದು ಹಾರುತ್ತದೆ. ಅದರ ಹೊಟ್ಟೆಯಲ್ಲಿ ಕೆಳಮುಖವಾಗಿ ಒಂದು ಲೇಸರ್ ಯಂತ್ರ ಕೂತಿದೆ. ಅದು ಬೆಳಕನ್ನು ಒಂದೇ ಸಮನೆ ಸುರಿಸುವುದಿಲ್ಲ. ಮಿಟುಕು ಮಿಟುಕಾಗಿ, ಸೆಕೆಂಡಿಗೆ ಲಕ್ಷಗಟ್ಟಲೆ ಸಲ, ಎಡಕ್ಕೂ ಬಲಕ್ಕೂ ಬೀಸುತ್ತ ಕಳಿಸುತ್ತದೆ. ಕೆಳಗೆ ಹಣ್ಣು ಆರಿಸುತ್ತಿರುವವರು ತಲೆಯೆತ್ತಿ ನೋಡಿದರೂ ಅವರಿಗೆ ಈ ಬೆಳಕು ಕಾಣದು. ಅದು ಕೆಂಪಿನಿಂದ ಆಚೆಗಿನ, ನಮ್ಮ ಕಣ್ಣಿಗೆ ನಿಲುಕದ ಬೆಳಕು. ಎಲೆಗಳೂ ಸೂಜಿಗಳೂ ಅದನ್ನು ಚೆನ್ನಾಗಿ ಹಿಂದಕ್ಕೆ ಚಿಮ್ಮಿಸುತ್ತವೆ, ಅದಕ್ಕೇ ಅದನ್ನು ಆರಿಸಿಕೊಂಡಿರುವುದು.

ಬನ್ನಿ, ಒಂದೇ ಒಂದು ಮಿಟುಕಿನ ಜೊತೆ ನಾವೂ ಇಳಿಯೋಣ. ಬೆಳಕು ಸೆಕೆಂಡಿಗೆ ಸುಮಾರು ಮೂರು ಲಕ್ಷ ಕಿಲೋಮೀಟರ್ ಓಡುತ್ತದೆ. ವಿಮಾನ ಒಂದೂವರೆ ಕಿಲೋಮೀಟರ್ ಮೇಲಿದ್ದರೆ ಕೆಳಗೆ ಹೋಗಿ ವಾಪಸು ಬರಲು ಅದಕ್ಕೆ ಬೇಕಾದದ್ದು ಒಂದು ಸೆಕೆಂಡಿನ ಲಕ್ಷದ ಒಂದು ಪಾಲು ಮಾತ್ರ. ಹೊರಟಾಗ ಸಣ್ಣಗಿದ್ದ ಬೆಳಕಿನ ಎಳೆ ಕೆಳಗೆ ಬರುವಷ್ಟರಲ್ಲಿ ಸ್ವಲ್ಪ ಹರಡಿ ಅರ್ಧ ಮೀಟರಿನಷ್ಟು ಅಗಲವಾಗಿರುತ್ತದೆ. ಹಾಗಾಗಿ ಅದು ಒಂದೇ ಕಡೆ ಬಡಿದು ಮುಗಿಯುವುದಿಲ್ಲ. ಸ್ವಲ್ಪ ಬೆಳಕು ಪೈನ್ ಮರದ ತುದಿಯ ಸೂಜಿಗಳಿಗೆ ತಾಗಿ ಹಿಂದಿರುಗುತ್ತದೆ. ಉಳಿದದ್ದು ಸಂದಿನಲ್ಲಿ ತೂರಿ ನಡುಕೊಂಬೆಗೆ ತಾಗಿ ಮತ್ತಷ್ಟು ಹಿಂದಿರುಗುತ್ತದೆ. ಕೊನೆಗೆ ಉಳಿದ ಚೂರು ನೆಲದ ಪಾಚಿಯವರೆಗೂ ಇಳಿದು, ಅಲ್ಲಿಂದ ಮೇಲೇರುತ್ತದೆ. ಒಂದೇ ಮಿಟುಕಿಗೆ ಮೂರು ಮಾರುತ್ತರ!

ಈ ಉತ್ತರಗಳ ನಡುವಿನ ಸಮಯದಲ್ಲೇ ಮರದ ಎತ್ತರ ಅಡಗಿದೆ. ಒಂದು ಸೆಕೆಂಡನ್ನು ನೂರು ಕೋಟಿ ಚೂರು ಮಾಡಿ. ಅದರಲ್ಲಿ ಒಂದು ಚೂರಿಗೆ ನ್ಯಾನೊಸೆಕೆಂಡ್ ಎಂದು ಹೆಸರು. ಅಷ್ಟರಲ್ಲಿ ಬೆಳಕು ನಿಮ್ಮ 30 ಸೆಂಟಿಮೀಟರಿನ ಸ್ಕೇಲಿನ ಈ ತುದಿಯಿಂದ ಆ ತುದಿಗೆ ಹೋಗುತ್ತದೆ. ಮರದ ತುದಿಯಿಂದ ಬಂದ ಉತ್ತರಕ್ಕಿಂತ ನೆಲದ ಉತ್ತರ 120 ನ್ಯಾನೊಸೆಕೆಂಡ್ ತಡವಾಗಿ ಬಂತು ಎನ್ನಿ. ಅಂದರೆ ಅದು 120 ಸ್ಕೇಲಿನಷ್ಟು, ಅಂದರೆ 36 ಮೀಟರ್ ಹೆಚ್ಚು ದೂರ ಓಡಿದೆ. ಇಳಿಯುವಾಗ ಅರ್ಧ, ಏರುವಾಗ ಅರ್ಧ. ಹಾಗಾದರೆ ಮರದ ಎತ್ತರ 18 ಮೀಟರ್. ಹತ್ತದೆ, ಮುಟ್ಟದೆ ಮರ ಅಳೆದಂತಾಯಿತು. ವಿಮಾನ ಆ ಗಳಿಗೆಯಲ್ಲಿ ಎಲ್ಲಿತ್ತು, ಎಷ್ಟು ವಾಲಿತ್ತು ಎಂಬುದನ್ನು ಉಪಗ್ರಹಗಳ ಸಹಾಯದಿಂದಲೂ ಒಳಗಿರುವ ಬೇರೊಂದು ಉಪಕರಣದಿಂದಲೂ ಪ್ರತಿ ಕ್ಷಣ ಬರೆದಿಟ್ಟುಕೊಳ್ಳುತ್ತಾರೆ. ಹಾಗಾಗಿ ಪ್ರತಿಯೊಂದು ಉತ್ತರವೂ ನಕ್ಷೆಯ ಮೇಲೆ ತನ್ನ ಜಾಗದಲ್ಲಿ ಒಂದು ಚುಕ್ಕಿಯಾಗಿ ಕೂರುತ್ತದೆ.

ಫಿನ್ಲೆಂಡಿನ ಭೂಮಾಪನ ಇಲಾಖೆ 2008ರಲ್ಲಿ ಇಡೀ ದೇಶವನ್ನು ಹೀಗೆ ಸ್ಕ್ಯಾನ್ ಮಾಡಲು ಹೊರಟಾಗ ಎರಡು ಚದರ ಮೀಟರಿಗೆ ಒಂದು ಮಿಟುಕು ಬಿದ್ದರೆ ಸಾಕು ಎನ್ನುವ ಅಂದಾಜಿತ್ತು. ಆಗ ಅವರಿಗೆ ಮೊದಲು ಬೇಕಿದ್ದದ್ದು ನೆಲದ ಏರುತಗ್ಗಿನ ನಕ್ಷೆ. ಮರದ ಎತ್ತರ ಅದರ ಜೊತೆಗೇ ಸಿಕ್ಕಿತು. 2020ರಲ್ಲಿ ಶುರುವಾದ ಹೊಸ ಸುತ್ತಿನಲ್ಲಿ ಒಂದೇ ಚದರ ಮೀಟರಿಗೆ ಐದು ಅಥವಾ ಇನ್ನೂ ಹೆಚ್ಚು ಚುಕ್ಕಿ ಬೀಳುತ್ತವೆ. ಕಂಪ್ಯೂಟರಿನಲ್ಲಿ ಆ ಚುಕ್ಕಿಗಳನ್ನು ತೆರೆದು ಪಕ್ಕದಿಂದ ನೋಡಿದರೆ ಕಾಡು ಕಾಡಾಗಿಯೇ ಕಾಣುತ್ತದೆ: ಚೂಪು ತಲೆಯ ಸ್ಪ್ರೂಸ್, ಗುಂಡು ತಲೆಯ ಹಳೆಯ ಪೈನ್, ನಡುವೆ ಕಡಿದು ಖಾಲಿಯಾದ ಜಾಗ, ಅದರಲ್ಲಿ ಆಗಷ್ಟೇ ಮೊಳಕಾಲೆತ್ತರಕ್ಕೆ ಬಂದ ಸಸಿಗಳು.

‘ಹಾಗಾದರೆ ಇನ್ನು ಕಾಡಿಗೆ ಯಾಕೆ ಹೋಗಬೇಕು? ವಿಮಾನವೇ ಎಲ್ಲ ಹೇಳಿತಲ್ಲ!’ ಒಳ್ಳೆಯ ಪ್ರಶ್ನೆ. ಮಹಡಿಯ ಮೇಲೆ ನಿಂತ ಮೇಷ್ಟ್ರಿಗೆ ತೂಕ ಕಂಡಿರಲಿಲ್ಲ, ನೆನಪಿದೆಯೇ? ಮೇಲಿನಿಂದ ಲೇಸರಿಗೂ ಕಾಂಡದ ದಪ್ಪ ಕಾಣುವುದಿಲ್ಲ, ಅದು ಕೊಂಬೆಗಳ ಅಡಿಯಲ್ಲಿ ಮರೆಯಾಗಿದೆ. ಇದು ಪೈನೋ ಸ್ಪ್ರೂಸೋ ಎಂದು ಹೇಳುವುದೂ ಚುಕ್ಕಿಗಳಿಗೆ ಕಷ್ಟ. ಇನ್ನೊಂದು ತೊಡಕೂ ಇದೆ. ಮಿಟುಕು ಮರದ ತುತ್ತತುದಿಗೇ ಬೀಳಬೇಕೆಂದೇನೂ ಇಲ್ಲ, ಎಷ್ಟೋ ಸಲ ಸ್ವಲ್ಪ ಕೆಳಗೆ ಭುಜಕ್ಕೆ ಬೀಳುತ್ತದೆ. ಆಗ ಮರ ಇರುವುದಕ್ಕಿಂತ ಗಿಡ್ಡ ಎಂದು ತೋರುತ್ತದೆ. ಇದನ್ನೆಲ್ಲ ಸರಿಪಡಿಸಲು ಯಾರಾದರೂ ಬೂಟು ಹಾಕಿಕೊಂಡು ಕಾಡಿಗೆ ಇಳಿಯಲೇಬೇಕು.

ಎಲ್ಲಿ ಇಳಿಯಬೇಕು ಎನ್ನುವುದನ್ನು ಈಗ ಚುಕ್ಕಿಗಳೇ ತಿಳಿಸಿಕೊಡುತ್ತವೆ. ನಾವು ಎಳೆದ 16 ಮೀಟರಿನ ಚೌಕಗಳಿವೆಯಲ್ಲ, ಪ್ರತಿ ಚೌಕದ ಚುಕ್ಕಿಗಳಿಗೆ ಕಂಪ್ಯೂಟರ್ ಎರಡು ಪ್ರಶ್ನೆ ಕೇಳುತ್ತದೆ. ಇಲ್ಲಿನ ಮರಗಳು ಎಷ್ಟು ಎತ್ತರ? ಎಷ್ಟು ದಟ್ಟ? ದಟ್ಟಣೆ ತಿಳಿಯುವುದು ಸುಲಭ. ನೂರು ಮಿಟುಕುಗಳಲ್ಲಿ ಎಷ್ಟು ಮೇಲೆಯೇ ತಡೆದು ನಿಂತವು, ಎಷ್ಟು ನೆಲ ಮುಟ್ಟಿದವು ಎಂದು ಎಣಿಸಿದರೆ ಸಾಕು. ತೊಂಬತ್ತು ಮೇಲೆಯೇ ನಿಂತರೆ ದಟ್ಟ ಕಾಡು, ಇಪ್ಪತ್ತೇ ನಿಂತರೆ ಬಿಡಿಬಿಡಿ ಮರ. ಹೀಗೆ ಇಡೀ ಪ್ರದೇಶದ ಚೌಕಗಳು ಗುಂಪುಗಳಾಗಿ ಬೇರೆಯಾಗುತ್ತವೆ. ಗಿಡ್ಡ ಮತ್ತು ವಿರಳ, ಗಿಡ್ಡ ಮತ್ತು ದಟ್ಟ, ಎತ್ತರ ಮತ್ತು ವಿರಳ, ಎತ್ತರ ಮತ್ತು ದಟ್ಟ, ನಡುವಿನವು.

ಇನ್ನು ಪ್ರತಿ ಗುಂಪಿಗೂ ಚೀಟಿ. ತೀರಾ ಎತ್ತರದ, ತೀರಾ ದಟ್ಟವಾದ ಚೌಕಗಳು ಎಲ್ಲ ಕಡೆಯೂ ಕಡಿಮೆಯೇ. ಕಣ್ಣುಮುಚ್ಚಿ ಆರಿಸಿದರೆ ಅವು ಒಂದೂ ಬಾರದೆ ಹೋಗಬಹುದು. ಬಾರದೆ ಹೋದರೆ ನಷ್ಟ ದೊಡ್ಡದು. ಯಾಕೆಂದರೆ ಇಷ್ಟು ಎತ್ತರ, ಇಷ್ಟು ದಟ್ಟಣೆ ಇದ್ದರೆ ಇಷ್ಟು ಮರಮುಟ್ಟು ಎಂಬ ಸಂಬಂಧವನ್ನು ಕಂಪ್ಯೂಟರ್ ಕಲಿಯುವುದು ನಾವು ಅಳೆದು ಕೊಟ್ಟ ಜಾಗಗಳಿಂದ ಮಾತ್ರ. 15 ಮೀಟರಿನ ಮರಗಳನ್ನಷ್ಟೇ ತೋರಿಸಿ, 28 ಮೀಟರಿನ ಮರಗಳ ಬಗ್ಗೆ ಕೇಳಿದರೆ ಅದು ಬರೀ ಊಹೆ ಮಾಡುತ್ತದೆ. ಅದಕ್ಕೇ ಅಪರೂಪದ ಗುಂಪಿನಿಂದ ಪಾಲಿಗೆ ಮೀರಿ ಹೆಚ್ಚು ಚೌಕಗಳನ್ನು ಆರಿಸುತ್ತಾರೆ.

ಹಾಗೆ ಹೆಚ್ಚು ಆರಿಸಿದರೆ ಲೆಕ್ಕ ಎತ್ತರದ ಮರಗಳ ಕಡೆಗೆ ವಾಲುವುದಿಲ್ಲವೇ? ವಾಲುತ್ತದೆ, ನಾವು ಎಚ್ಚರ ತಪ್ಪಿದರೆ. ಮೇಷ್ಟ್ರ ಲೆಕ್ಕವನ್ನೇ ಇನ್ನೊಮ್ಮೆ ನೋಡಿ. ಗಿಡ್ಡವರು 60, ತೂಗಿದ್ದು ಮೂವರನ್ನು. ಒಬ್ಬೊಬ್ಬರೂ 20 ಮಕ್ಕಳ ಪರವಾಗಿ ನಿಂತಂತೆ. ನಡುವಿನವರು 120, ತೂಗಿದ್ದು ನಾಲ್ವರನ್ನು, ಒಬ್ಬೊಬ್ಬರೂ 30 ಮಕ್ಕಳ ಪರ. ಎತ್ತರದವರು 30, ತೂಗಿದ್ದು ಮೂವರನ್ನು, ಒಬ್ಬೊಬ್ಬರೂ ಬರೀ 10 ಮಕ್ಕಳ ಪರ. ಒಟ್ಟು ಕೂಡುವಾಗ ಪ್ರತಿಯೊಬ್ಬರ ತೂಕವನ್ನೂ ಅವರು ಎಷ್ಟು ಜನರ ಪರ ನಿಂತಿದ್ದಾರೋ ಅಷ್ಟರಿಂದ ಗುಣಿಸಬೇಕು. ಕಾಡಿನ ಒಟ್ಟು ಲೆಕ್ಕ ಕೂಡುವಾಗಲೂ ಇದೇ ಗುಣಾಕಾರ. ಯಾರು ಯಾರ ಪರವಾಗಿ ಎಂದು ಮರೆಯದಿದ್ದರೆ ಲೆಕ್ಕ ವಾಲುವುದಿಲ್ಲ.

ಸ್ವೀಡನ್ನಿನ ಉಮಿಯೊ ಎಂಬ ಊರಿನಲ್ಲಿರುವ ಸಂಖ್ಯಾಶಾಸ್ತ್ರಜ್ಞ ಆಂಟನ್ ಗ್ರಾಫ್‌ಸ್ಟ್ರೋಮ್ ಮತ್ತು ಅವರ ಜೊತೆಗಾರರು 2012ರಲ್ಲಿ ಇನ್ನೂ ಸೊಗಸಾದ ಒಂದು ಉಪಾಯವನ್ನು ಪ್ರಕಟಿಸಿದರು. ಅದು ಆಟದಂತೆಯೇ ಇದೆ. ಒಂದು ಚೌಕವನ್ನು ತೆಗೆದುಕೊಳ್ಳಿ, ಅದನ್ನು ತುಂಬ ಹೋಲುವ ಇನ್ನೊಂದನ್ನು ಹುಡುಕಿ. ಎರಡಕ್ಕೂ ಪೈಪೋಟಿ ಇಡಿ. ಗೆದ್ದದ್ದಕ್ಕೆ ಸೋತದ್ದರ ಅವಕಾಶವೂ ಸೇರುತ್ತದೆ. ಸೋತದ್ದಕ್ಕೆ ಆಯ್ಕೆಯಾಗುವ ಅವಕಾಶ ಕಡಿಮೆಯಾಗುತ್ತದೆ, ಇಲ್ಲವೇ ಪೂರ್ತಿ ಹೋಗುತ್ತದೆ. ಹೀಗೆ ಆಡುತ್ತ ಹೋದರೆ ಒಂದೇ ಥರದ ಎರಡು ಚೌಕಗಳು ಒಟ್ಟಿಗೆ ಆಯ್ಕೆಯಾಗುವುದು ಅಪರೂಪವಾಗುತ್ತದೆ. ಉಳಿದವು ತಾವಾಗಿಯೇ ಎಲ್ಲ ಬಗೆಯ ಕಾಡಿನಲ್ಲೂ ಹರಡಿಕೊಂಡಿರುತ್ತವೆ. ಗುಂಪು ಮಾಡುವ ಗೋಜೇ ಇಲ್ಲ! ಸ್ವೀಡನ್ನಿನ ರಾಷ್ಟ್ರೀಯ ಅರಣ್ಯ ಗಣತಿಯವರು ಕೂಡ ತಮ್ಮ ಕೆಲವು ಅಳತೆ ಜಾಗಗಳನ್ನು ಆರಿಸಲು ಈ ಉಪಾಯವನ್ನು ಹಿಡಿದರು.

ಇಷ್ಟೆಲ್ಲ ಯಾಕೆ, ಕಾಡು ಬಲ್ಲವರೊಬ್ಬರು ಹೋಗಿ ‘ಇದು ಒಳ್ಳೆಯ ಮಾದರಿ’ ಎಂದು ಬೆರಳು ತೋರಿಸಿದರೆ ಸಾಲದೇ? ಸಾಲದು. ನಮ್ಮ ಕಾಲು ನಮಗೆ ತಿಳಿಯದ ಹಾಗೆಯೇ ರಸ್ತೆಯ ಹತ್ತಿರದ, ಮುಳ್ಳಿಲ್ಲದ, ಚಂದದ ಮರಗಳಿರುವ ಕಡೆಗೇ ಹೋಗುತ್ತದೆ. ಅದಕ್ಕೆ ಕೊನೆಯ ಆಯ್ಕೆಯನ್ನು ಚೀಟಿಗೇ ಬಿಡಬೇಕು. ಚೀಟಿ ಜೌಗಿನ ನಡುವೆ ಬಂದರೆ ಜೌಗಿಗೇ ಹೋಗಬೇಕು, ಸೊಳ್ಳೆ ಎಷ್ಟೇ ಇರಲಿ. ಫಿನ್ಲೆಂಡಿನ ಬೇಸಿಗೆಯಲ್ಲಿ ಸೊಳ್ಳೆಗಳು ಬಹಳ! ‘ಪಕ್ಕದಲ್ಲೇ ಒಣ ಜಾಗ ಇದೆ, ಅದನ್ನೇ ಅಳೆಯೋಣ’ ಎಂದರೆ ಜೌಗಿನ ಮರಗಳ ಪರವಾಗಿ ಮಾತಾಡಲು ಯಾರೂ ಇರುವುದಿಲ್ಲ.

ಈಗ ತಂಡದ ಜೊತೆ ನಡೆಯಿರಿ. ಕೈಯಲ್ಲಿ ಉಪಗ್ರಹದ ಸಂಕೇತ ಹಿಡಿಯುವ ಯಂತ್ರವಿದೆ. ಅದು ತೋರಿಸಿದ ಜಾಗದಲ್ಲಿ ಒಂದು ಗೂಟ ನೆಡುತ್ತಾರೆ. ಕೊಂಬೆಗಳ ಅಡಿಯಲ್ಲಿ ಸಂಕೇತ ಮಂಕಾಗುವುದರಿಂದ ಯಂತ್ರವನ್ನು ಗೂಟದ ಮೇಲೆ ಸುಮ್ಮನೆ ನಿಲ್ಲಿಸಿ ಕಾಯಬೇಕು. ಇಲ್ಲಿ ಕೆಲವು ಮೀಟರ್ ತಪ್ಪಿದರೂ ಈ ಮರಗಳಿಗೆ ಪಕ್ಕದ ಮರಗಳ ಚುಕ್ಕಿಗಳು ಅಂಟಿಕೊಳ್ಳುತ್ತವೆ, ಪಾಠವೇ ತಪ್ಪಾಗುತ್ತದೆ. ಗೂಟದಿಂದ ಸುತ್ತಲೂ 9 ಮೀಟರ್ ದೂರದ ಒಳಗೆ ನಿಂತ ಮರಗಳೇ ಇವತ್ತಿನ ಮಾದರಿ. ಯಾಕೆ 9 ಮೀಟರ್? ಪೆನ್ಸಿಲ್ ತೆಗೆದುಕೊಳ್ಳಿ. ವೃತ್ತದ ವಿಸ್ತೀರ್ಣ 9 ಗುಣಿಸು 9 ಗುಣಿಸು 3.14, ಅಂದರೆ 254 ಚದರ ಮೀಟರ್. ನಮ್ಮ ಚೌಕದ್ದು 16 ಗುಣಿಸು 16, ಅಂದರೆ 256. ಎರಡೂ ಹೆಚ್ಚುಕಡಿಮೆ ಒಂದೇ! ವೃತ್ತದಲ್ಲಿ ಕಲಿತದ್ದನ್ನು ಚೌಕಕ್ಕೆ ಧೈರ್ಯವಾಗಿ ಹೇಳಬಹುದು.

ಪ್ರತಿ ಮರದ ದಪ್ಪವನ್ನು ಕ್ಯಾಲಿಪರ್ ಎಂಬ ಎರಡು ತೋಳಿನ ಸಾಧನದಿಂದ ಅಳೆಯುತ್ತಾರೆ. ತೋಳುಗಳು ಕಾಂಡವನ್ನು ಎರಡೂ ಕಡೆಯಿಂದ ಹಿಡಿದುಕೊಳ್ಳುತ್ತವೆ, ನಡುವಿನ ಪಟ್ಟಿಯ ಮೇಲೆ ಅಳತೆ ಓದಿಕೊಳ್ಳುತ್ತಾರೆ. ಮರ ಬುಡದಲ್ಲಿ ಉಬ್ಬಿರುತ್ತದೆ, ಮೇಲೆ ಸಣ್ಣಗಾಗುತ್ತದೆ. ಹಾಗಾಗಿ ಎಲ್ಲರೂ ಒಂದೇ ಎತ್ತರದಲ್ಲಿ ಅಳೆಯಬೇಕೆಂಬ ನಿಯಮವಿದೆ. ಅಲ್ಲಿ ನೆಲದಿಂದ 1.3 ಮೀಟರ್, ನಮ್ಮ ದೇಶದ ಅರಣ್ಯದವರಲ್ಲಿ 1.37 ಮೀಟರ್, ಅಂದರೆ ನಾಲ್ಕೂವರೆ ಅಡಿ. ಎರಡೂ ದೊಡ್ಡವರ ಎದೆಮಟ್ಟ. ಕೆಲವು ಮರಗಳ ಎತ್ತರವನ್ನೂ ಅಳೆಯುತ್ತಾರೆ. ವಯಸ್ಸು ಬೇಕಾದರೆ ಟೊಳ್ಳಾದ ಬೈರಿಗೆಯನ್ನು ಕಾಂಡಕ್ಕೆ ತಿರುಗಿಸಿ, ಪೆನ್ಸಿಲಿಗಿಂತ ಸಪೂರವಾದ ಒಂದು ಮರದ ಕಡ್ಡಿಯನ್ನು ಹೊರಗೆಳೆಯುತ್ತಾರೆ. ಅದರ ಮೇಲೆ ತಿಳಿಬಣ್ಣ, ಗಾಢಬಣ್ಣ, ತಿಳಿಬಣ್ಣ, ಗಾಢಬಣ್ಣ ಎಂದು ಗೆರೆಗಳಿರುತ್ತವೆ. ವಸಂತದಲ್ಲಿ ಬೆಳೆದದ್ದು ತಿಳಿ, ಬೇಸಿಗೆಯ ಕೊನೆಯಲ್ಲಿ ಬೆಳೆದದ್ದು ಗಾಢ. ಒಂದು ಜೋಡಿಗೆ ಒಂದು ವರ್ಷ. ತಂಪಾದ ವರ್ಷದ ಗೆರೆ ಕೂದಲೆಳೆಯಷ್ಟೇ, ಒಳ್ಳೆಯ ವರ್ಷದ್ದು ಅಗಲ. ಮೇಲಿನಿಂದ ಎಷ್ಟು ಚುಕ್ಕಿ ಸುರಿಸಿದರೂ ಇದು ತಿಳಿಯುತ್ತಿರಲಿಲ್ಲ.

ಹೀಗೆ ಒಂದು ದೊಡ್ಡ ಪ್ರದೇಶಕ್ಕೆ ಕೆಲವು ನೂರು ವೃತ್ತಗಳು. ಅವುಗಳ ಅಳತೆಯನ್ನು ಅದೇ ಜಾಗದ ಚುಕ್ಕಿಗಳ ಪಕ್ಕ ಇಟ್ಟಾಗ ಸಂಬಂಧ ತಿಳಿಯುತ್ತದೆ. ಆ ಸಂಬಂಧವನ್ನು ಉಳಿದ ಲಕ್ಷಾಂತರ ಚೌಕಗಳಿಗೆ ಹಚ್ಚಿದರೆ ಕಾಲಿಡದ ಚೌಕಗಳ ಲೆಕ್ಕವೂ ಬರುತ್ತದೆ. ಈ ಜೋಡಿ ವಿಧಾನವನ್ನು 1990ರ ದಶಕದಲ್ಲಿ ತೋರಿಸಿ ಬೆಳೆಸಿದವರಲ್ಲಿ ನಾರ್ವೆಯ ಎರಿಕ್ ನೆಸ್ಸೆಟ್ ಮುಖ್ಯರು. ಅವರ ದೇಶದಲ್ಲಿ 2002ರಿಂದಲೇ ಕಾಡಿನ ಒಡೆಯರಿಗಾಗಿ ಹೀಗೆ ಅಳೆಯುವ ಕೆಲಸ ನಡೆಯಿತು. ಫಿನ್ಲೆಂಡಿನ ಅರಣ್ಯ ಕೇಂದ್ರ 2010ರಿಂದ ಖಾಸಗಿ ಕಾಡುಗಳನ್ನು ಅಳೆಯುವುದು ಹೀಗೆಯೇ. 2018ರಿಂದ ಆ ಚೌಕಗಳ ಮಾಹಿತಿ ಎಲ್ಲರಿಗೂ ತೆರೆದಿದೆ. ಒಂದು ಹಳ್ಳಿಯ ಅಜ್ಜಿ ತನ್ನ ಕಾಡಿನ ಯಾವ ಮೂಲೆಯಲ್ಲಿ ಎಂಥ ಮರಗಳಿವೆ ಎಂದು ಕಂಪ್ಯೂಟರಿನಲ್ಲೇ ನೋಡಬಹುದು.

ಒಂದು ವಿಷಯದಲ್ಲಿ ಮಾತ್ರ ಸದಾ ಎಚ್ಚರ ಬೇಕು. ಕಾಡು ಸುಮ್ಮನೆ ನಿಂತಿರುವುದಿಲ್ಲ. ವಿಮಾನ ಹಾರಿದ್ದು ಒಂದು ದಿನ, ತಂಡ ಬರುವುದು ಇನ್ನೊಂದು ದಿನ. ನಡುವೆ ಬಿರುಗಾಳಿ ಬೀಸಿ ಮರ ಉರುಳಿರಬಹುದು, ಒಡೆಯರು ಕಡಿದಿರಬಹುದು. ತಂಡದವರು ಹೋಗಿ ನೋಡಿದರೆ ಚುಕ್ಕಿಗಳಲ್ಲಿ 20 ಮೀಟರಿದ್ದ ಕಾಡಿನ ಜಾಗದಲ್ಲಿ ಬರೀ ಬೊಡ್ಡೆಗಳು! ಆಗ ಕಂಡದ್ದನ್ನು ಕಂಡಂತೆ ಬರೆಯುತ್ತಾರೆ. ಎತ್ತರದ ಪಾಠ ಕಲಿಯಲು ಆ ವೃತ್ತವನ್ನು ಬಳಸುವುದಿಲ್ಲ, ಅಷ್ಟೆ.

ಇದರ ಒಂದು ಚೂರನ್ನು ನೀವೂ ಮಾಡಿ ನೋಡಬಹುದು. 9 ಮೀಟರಿನ ಹಗ್ಗ, ಒಂದು ಗೂಟ, ಅಮ್ಮನ ಹೊಲಿಗೆ ಟೇಪು, ಒಂದು ನೋಟ್‌ಬುಕ್ಕು ಸಾಕು. ತೋಟದಲ್ಲೋ ಶಾಲೆಯ ಹಿಂದಿನ ಮರಗಳ ನಡುವೆಯೋ, ಜಾಗವನ್ನು ಮೊದಲೇ ಚೀಟಿ ಎತ್ತಿ ಗೊತ್ತುಮಾಡಿಕೊಳ್ಳಿ. ಆಮೇಲೆ ಮನಸ್ಸು ಬದಲಾಯಿಸಬೇಡಿ. ಗೂಟ ನೆಟ್ಟು, ಹಗ್ಗ ಬಿಗಿಹಿಡಿದು ಸುತ್ತು ಬನ್ನಿ. ಒಬ್ಬರು ಟೇಪಿನಿಂದ 1.37 ಮೀಟರ್ ಎತ್ತರದಲ್ಲಿ ಸುತ್ತಳತೆ ಹೇಳಲಿ, ಒಬ್ಬರು ಬರೆದುಕೊಳ್ಳಲಿ. ಸುತ್ತಳತೆಯನ್ನು 3.14ರಿಂದ ಭಾಗಿಸಿದರೆ ದಪ್ಪ ಬರುತ್ತದೆ. ಸುತ್ತುವಾಗ ಹಗ್ಗದ ತುದಿ ಒಂದು ಮರಕ್ಕೇ ಬಂದು ತಾಗುತ್ತದೆ, ಆಗ ನಿಮ್ಮಲ್ಲಿ ಜಗಳ ಶುರುವಾಗುತ್ತದೆ: ಇದು ಒಳಗೋ, ಹೊರಗೋ? ಅದಕ್ಕೂ ಅರಣ್ಯದವರಲ್ಲಿ ನಿಯಮವಿದೆ. ಎದೆಮಟ್ಟದಲ್ಲಿ ಕಾಂಡದ ನಟ್ಟನಡು ಎಲ್ಲಿದೆ ಎಂದು ಪಕ್ಕದಿಂದ ನೋಡಿ, ಅಲ್ಲಿಯವರೆಗೆ ಅಳೆಯಿರಿ. ನಡು 9 ಮೀಟರಿನ ಒಳಗೆ ಬಂದರೆ ಮರ ಪೂರ್ತಿ ನಿಮ್ಮ ಲೆಕ್ಕಕ್ಕೆ. ಒಂದು ಬೆರಳಿನಷ್ಟು ಆಚೆ ಹೋದರೂ ಅದನ್ನು ಬರೆಯುವಂತಿಲ್ಲ.